ಬಸುರಿ ಅಕ್ಕಿ

ಹೊನ್ನಾವರದ ಪಕ್ಕದ ಕಾಸರಕೋಡಿನ ಮೀನುಗಾರರ ಕೇರಿಯಲ್ಲಿ ದೇವಕ್ಕನ ಬಗ್ಗೆ ಯಾರನ್ನೇ ಕೇಳಿ, ಮೊದಲು ಅವಳ ಗೆರಸೆಯ ಸುದ್ದಿ ಬರುತ್ತದೆ, ಆಮೇಲೆ ಅವಳ ನಾಲಗೆಯದು. ಎರಡೂ ಚುರುಕು. ಬಿದಿರಿನ ಗೆರಸೆಗೆ ಎರಡು ಸೇರು ಅಕ್ಕಿ ಸುರಿದುಕೊಂಡು, ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಳೆಂದರೆ ಮುಗಿಯಿತು. ನಾಲ್ಕು ಸಲ ಕೇರಿದರೆ ಉಮಿಯೆಲ್ಲ ಅಂಗಳಕ್ಕೆ, ಎರಡು ಸಲ ತಟ್ಟಿದರೆ ನುಚ್ಚೆಲ್ಲ ಒಂದು ಮೂಲೆಗೆ. ಉಳಿದ ಕಲ್ಲು, ಭತ್ತ, ಕಪ್ಪು ಕಾಳು ಅವಳ ಬೆರಳಿಗೆ ತಾವಾಗಿಯೇ ಬಂದು ಸಿಕ್ಕಿಕೊಳ್ಳುತ್ತಿದ್ದವು. ಅಷ್ಟೂ ಹೊತ್ತು ಅವಳ ಕಣ್ಣು ಬೀದಿಯ ಮೇಲೆ, ಬಾಯಿ ಬೀದಿಯಲ್ಲಿ ಹೋಗುವವರ ಮೇಲೆ.

ಊರ ಶಾಲೆಯಲ್ಲಿ ಬಿಸಿಯೂಟ ಶುರುವಾದ ದಿನದಿಂದ ತನಗೆ ಅರವತ್ತು ತುಂಬುವವರೆಗೆ ಅಲ್ಲಿ ಅಡುಗೆ ಮಾಡಿದವಳು ಅವಳೇ. ಅಷ್ಟು ವರ್ಷಗಳಲ್ಲಿ ಒಂದು ಮಗುವಿನ ಹಲ್ಲಿಗೂ ಕಲ್ಲು ಸಿಕ್ಕಿದ್ದಿಲ್ಲ. ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ತಮಾಷೆಗೆಂದು ಆರಿಸಿಟ್ಟ ಅಕ್ಕಿಯಲ್ಲಿ ಐದು ಕಲ್ಲು ಬೆರೆಸಿ ಮತ್ತೆ ಅವಳ ಕೈಗೆ ಕೊಟ್ಟರಂತೆ. ದೇವಕ್ಕ ಆರು ತೆಗೆದು ಅವರ ಅಂಗೈಯಲ್ಲಿಟ್ಟಳಂತೆ. "ನಾನು ಹಾಕಿದ್ದು ಐದೇ" ಎಂದು ಸಾಹೇಬರು ಮೀಸೆಯಲ್ಲಿ ನಕ್ಕರೆ, "ಆರ್ನೇದು ನಿಮ್ಮ ಉಂಗುರದ್ದು, ಹರಳು ಬಿದ್ದದೆ ಕಾಣಿ" ಎಂದಳಂತೆ. ನಡೆದದ್ದೋ ಕೇರಿಯವರು ಕಟ್ಟಿದ್ದೋ, ದೇವರೇ ಬಲ್ಲ. ಅವಳಂತೂ ಈ ಕತೆಯನ್ನು ಯಾವತ್ತೂ ಅಲ್ಲಗಳೆದಿಲ್ಲ.

ಈ ವಿದ್ಯೆ ಅವಳಿಗೆ ಬಂದದ್ದು ಮಿರ್ಜಾನದ ತವರಿನಿಂದ. ಅಪ್ಪ ಶುಕ್ರ, ಅಘನಾಶಿನಿಯಲ್ಲಿ ಬಲೆ ಬಿಡುತ್ತಿದ್ದವನು. ಮಳೆಗಾಲದಲ್ಲಿ ಹೊಳೆಯಂಚಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದ. ಉಪ್ಪುನೀರು ಹೊಕ್ಕರೂ ಹೆದರದ, ಆಳೆತ್ತರ ನಿಲ್ಲುವ ಭತ್ತ ಅದು. ಆ ಭತ್ತವನ್ನು ಅವ್ವಿ ಒರಳಲ್ಲಿ ಕುಟ್ಟುವಾಗ ಮನೆಯ ನೆಲವೆಲ್ಲ ಅದುರುತ್ತಿತ್ತು. ಕುಟ್ಟಿದ ಅಕ್ಕಿ ಕೆಂಪು. ಅದರ ಗಂಜಿಯ ತಿಳಿಯೂ ಕೆಂಪು. ಒಲೆಯ ಮೇಲಿನ ಮಡಕೆಯಿಂದ ಏಳುತ್ತಿದ್ದ ಆ ವಾಸನೆಯನ್ನು ನೆನೆದಾಗ ದೇವಕ್ಕನಿಗೆ ಈಗಲೂ ಹೊಟ್ಟೆ ಹಸಿಯುತ್ತದೆ. "ಈಗಿನ ಅಕ್ಕಿಗೆ ವಾಸ್ನೆಯೂ ಇಲ್ಲ, ಬಣ್ಣವೂ ಇಲ್ಲ. ತಿಂದದ್ದೂ ಗೊತ್ತಾಗೂದಿಲ್ಲ, ಬಿಟ್ಟದ್ದೂ ಗೊತ್ತಾಗೂದಿಲ್ಲ" ಎಂದು ಅವಳು ದಿನಕ್ಕೊಮ್ಮೆಯಾದರೂ ಹೇಳುತ್ತಾಳೆ. ಗಂಡ ವೆಂಕಟ್ರಮಣ ಬಲೆಯ ತೂತು ಹೊಲಿಯುತ್ತ ಕೂತಲ್ಲಿಂದಲೇ, "ಬಿಟ್ಟದ್ದು ಮಾತ್ರ ನಾ ಎಂದೂ ಕಾಣ್ಲಿಲ್ಲ" ಎನ್ನುತ್ತಾನೆ.

ಆ ತವರುಮನೆಯಲ್ಲಿ ಒಂದು ಪದ್ಧತಿ ಇತ್ತು. ಮನೆಯಲ್ಲಿ ಯಾರಾದರೂ ಬಸುರಿಯಾದರೆ ಐದನೇ ತಿಂಗಳಿಂದ ಅವಳ ಪಾಲಿನ ಅಕ್ಕಿಯನ್ನು ಮನೆಯ ಹಿರಿಯ ಹೆಂಗಸು ಬೇರೆಯಾಗಿ ಆರಿಸಿ, ಬೇರೆ ಮಡಕೆಯಲ್ಲಿ ಮುಚ್ಚಿಡಬೇಕು. ಅದಕ್ಕೆ ಬಸುರಿ ಅಕ್ಕಿ ಎಂದೇ ಹೆಸರು. ಅದರಲ್ಲಿ ಕಲ್ಲು ಇರಬಾರದು ಎನ್ನುವುದು ಸರಿಯೇ. ಮುರಿದ ಕಾಳು, ಹುಳ ಕೊರೆದ ಕಾಳು, ಬಣ್ಣ ಬೇರೆಯಾದ ಕಾಳು ಕೂಡ ಇರಬಾರದು. ಬೇರೆ ಕಾಳು ಬಸುರಿಯ ಹೊಟ್ಟೆಗೆ ಹೋದರೆ ಒಳಗಿರುವ ಜೀವಕ್ಕೆ ಕಂಟಕ ಎಂದು ನಂಬಿಕೆ. ಬಸುರಿ ತನ್ನದನ್ನು ತಾನೇ ಆರಿಸಿಕೊಳ್ಳುವ ಹಾಗೂ ಇಲ್ಲ.

ದೇವಕ್ಕ ಆಗಿನ್ನೂ ದೇವಿ. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಅವ್ವಿ ನಾಲ್ಕನೇ ಸಲ ಬಸುರಿಯಾದಳು. ಅಜ್ಜಿ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದಳು. ಮನೆಯಲ್ಲಿ ಅವ್ವಿಯನ್ನು ಬಿಟ್ಟರೆ ಹೆಣ್ಣು ಎಂದು ಉಳಿದವಳು ದೇವಿಯೊಬ್ಬಳೇ. ಹಾಗಾಗಿ ಬಸುರಿ ಅಕ್ಕಿ ಆ ಹುಡುಗಿಯ ಪಾಲಿಗೆ ಬಂತು. ಅವ್ವಿ ಹಿಂದೆ ಕೂತು, ಮಗಳ ಎರಡೂ ಮುಂಗೈ ಹಿಡಿದು ಗೆರಸೆ ಕುಣಿಸುವುದನ್ನು ಕಲಿಸಿದಳು. "ಕೈ ಬಿಗಿ ಹಿಡೀಬೇಡ ಮಗಾ. ಅಕ್ಕಿ ತಾನೇ ಹಾರ್ತದೆ, ನೀ ಬರೀ ಹಿಡ್ಕೊ." ದೇವಕ್ಕನ ಬದುಕಿನಲ್ಲಿ ಅಷ್ಟು ಸಿಹಿಯಾದ ದಿನಗಳು ಮತ್ತೆ ಬಂದಿಲ್ಲ. ಅವ್ವಿಯ ಮೊಣಕಾಲ ನಡುವೆ ಕೂತ ಅವಳ ಬೆನ್ನಿಗೆ ಹೊಟ್ಟೆಯೊಳಗಿನ ಮಗುವಿನ ಒದೆತವೂ ಗೊತ್ತಾಗುತ್ತಿತ್ತು. ಮಗಳು ಆರಿಸುತ್ತಿದ್ದ ಹಾಗೆಯೇ ಅವ್ವಿ ಗೆರಸೆಯಿಂದ ಚಿಟಿಕೆ ಚಿಟಿಕೆ ಹಸಿ ಅಕ್ಕಿ ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕರುಂ ಕರುಂ ಸದ್ದು ಕಿವಿಯ ಹಿಂದೆಯೇ. ದೇವಿ ದೊಡ್ಡವಳ ಹಾಗೆ ಗದರಿದರೆ ಅವ್ವಿ ನಗುತ್ತಿದ್ದಳು. ಒಲೆಯ ಅಂಚಿನ ಸುಟ್ಟ ಮಣ್ಣನ್ನೂ ಹಾಗೆಯೇ ಕೆರೆದು ತಿನ್ನುತ್ತಿದ್ದಳು. ಬಸುರಿಯರ ಬಯಕೆ ಎಂದು ಮನೆಯವರೆಲ್ಲ ನಕ್ಕು ಸುಮ್ಮನಾದರು.

ಹೆರಿಗೆಯಲ್ಲಿ ಅವ್ವಿ ಉಳಿಯಲಿಲ್ಲ. ಅಪ್ಪ ದೋಣಿಗೆ ಹಾಕಿಕೊಂಡು ಕುಮಟಾದ ಕಡೆಗೆ ಹೊರಟಿದ್ದ. ಹೊಳೆ ದಾಟುವುದರೊಳಗೆ ಎಲ್ಲ ಮುಗಿದಿತ್ತು. ಮಗುವೂ ಉಳಿಯಲಿಲ್ಲ. ಮೂರನೇ ದಿನ ಬಂದ ಸೋದರತ್ತೆ ಒಲೆಯ ಮುಂದೆ ಕೂತು, ಯಾರಿಗೆಂದಿಲ್ಲದೆ ಒಂದು ಮಾತು ಆಡಿದಳು: "ಬಸುರಿ ಅಕ್ಕಿ ಸಮ ಆರಿಸ್ಲಿಲ್ಲ ಕಾಣ್ತದೆ."

ಆಡಿದವಳು ಆಡಿ ಊರಿಗೆ ಹೋದಳು. ಹನ್ನೊಂದು ವರ್ಷದ ಹುಡುಗಿಯ ಎದೆಯಲ್ಲಿ ಆ ಮಾತು ಕೂತುಬಿಟ್ಟಿತು. ಮದುವೆಯಾಗಿ ಕಾಸರಕೋಡಿಗೆ ಬಂದರೂ ಅದು ಜೊತೆಗೇ ಬಂತು. ದೇವಕ್ಕ ಅದನ್ನು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಕೇರಿಯವರಿಗೆ ಕಂಡದ್ದು ಅವಳ ಗೆರಸೆಯ ಚುರುಕು ಮಾತ್ರ. ಒಂದು ಕಾಳೂ ತಪ್ಪಿ ಹೋಗಬಾರದೆಂದು ಐವತ್ತು ವರ್ಷ ಅವಳು ಹೆದರಿ ಹೆದರಿ ಆರಿಸಿದ್ದು ಅವಳಿಗಷ್ಟೇ ಗೊತ್ತು. ಕೇರಿಯಲ್ಲಿ ಯಾರು ಬಸುರಿಯಾದರೂ ಅವರ ಅಕ್ಕಿ ದೇವಕ್ಕನ ಜಗಲಿಗೆ ಬರುತ್ತಿತ್ತು. "ನಿಮ್ಮ ಕೈ ಒಳ್ಳೇದು ದೇವಕ್ಕ" ಎಂದು ಯಾರಾದರೂ ಹೊಗಳಿದರೆ ಅವಳು ಮುಖ ತಿರುಗಿಸಿ, "ಕೈ ಎಂತದ್ದೂ ಇಲ್ಲ, ಕಣ್ಣು ಬೇಕು" ಎನ್ನುತ್ತಿದ್ದಳು.

ಹೀಗಿರುವಾಗ, ಈಚೆಗೆ, ಸೊಸೈಟಿಯಿಂದ ಬರುವ ರೇಶನ್ ಅಕ್ಕಿಯಲ್ಲಿ ಒಂದು ಹೊಸ ಕಾಳು ಕಾಣಿಸಿಕೊಂಡಿತು. ನೋಡಲಿಕ್ಕೆ ಅಕ್ಕಿಯ ಹಾಗೆಯೇ. ಉದ್ದವೂ ಅಷ್ಟೇ, ದಪ್ಪವೂ ಅಷ್ಟೇ. ಆದರೆ ಬೆಳಕಿಗೆ ಹಿಡಿದರೆ ಒಂದು ಬಗೆಯ ಮಂಕು ಬಿಳಿ. ತೊಳೆಯುವಾಗ ಕೆಲವು ಮೇಲೆ ತೇಲುತ್ತಿದ್ದವು. ನೂರು ಕಾಳಿಗೆ ಒಂದು ಇದ್ದೀತು. ಸೊಸೆ ಸುಚಿತಾ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅದರಲ್ಲಿ ಯಾರೋ ಅನ್ನದ ಉಂಡೆ ಮಾಡಿ ನೆಲಕ್ಕೆ ಎಸೆದರೆ ಅದು ಚೆಂಡಿನ ಹಾಗೆ ಪುಟಿಯುತ್ತಿತ್ತು. ಪ್ಲಾಸ್ಟಿಕ್ ಅಕ್ಕಿಯಂತೆ. ದೇವಕ್ಕನಿಗೆ ವಿಡಿಯೋದ ಸಾಕ್ಷಿ ಬೇಕಿರಲಿಲ್ಲ.

"ಅಕ್ಕಿ ಕಾಣದವಳೆಂತ ನಾನು? ಇದು ಸುಳ್ಳು ಅಕ್ಕಿ. ಗದ್ದೇಲಿ ಬೆಳ್ದದ್ದೇ ಅಲ್ಲ."

ಗದ್ದೆಯಲ್ಲಿ ಬೆಳೆದದ್ದಲ್ಲ ಎನ್ನುವುದು ನಿಜವೇ ಆಗಿತ್ತು. ಆ ಮಟ್ಟಿಗೆ ಅವಳ ಕಣ್ಣು ತಪ್ಪಿರಲಿಲ್ಲ. ಅಂದಿನಿಂದ ಕಲ್ಲು, ಭತ್ತದ ಜೊತೆ ಈ ಬಿಳಿ ಕಾಳನ್ನೂ ಒಂದೊಂದಾಗಿ ಹೆಕ್ಕಿ ತೆಂಗಿನ ಗರಟೆಗೆ ಹಾಕತೊಡಗಿದಳು. ಗರಟೆ ತುಂಬಿದ ಮೇಲೆ ಕೋಳಿಗಳಿಗೆ. ಸೊಸೈಟಿಯಿಂದ ಕೇಳಿ ತಂದ ಖಾಲಿ ಚೀಲದ ಮೇಲೆ ನೀಲಿ ಅಕ್ಷರದಲ್ಲಿ ಏನೋ ಗುರುತು ಇತ್ತು. ದೇವಕ್ಕ ಆ ಚೀಲವನ್ನು ಬಿಚ್ಚಿ ಅಂಗಳದಲ್ಲಿ ಹಾಸಿ, ಅದರ ಮೇಲೆ ಸೆಟ್ಲಿ ಸಿಗಡಿ ಒಣಗಲು ಹರವಿದಳು.

ಅದೇ ವರ್ಷ ಸುಚಿತಾ ಬಸುರಿಯಾದಳು.

ಸುಚಿತಾ ಕುಮಟಾ ಪೇಟೆಯ ಹುಡುಗಿ. ಮದುವೆಗೆ ಮುಂಚೆ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಮೀನು ಕೊಯ್ಯಲು ಬರುತ್ತಿರಲಿಲ್ಲ, ಆದರೆ ನಗಲು ಬರುತ್ತಿತ್ತು. ಅಷ್ಟಕ್ಕೇ ಅತ್ತೆಗೆ ಅವಳು ಇಷ್ಟವಾಗಿದ್ದಳು. ಮಗ ಸಂದೇಶ ಬೋಟಿನವನು. ಹೋದರೆ ವಾರವಾಗುತ್ತಿತ್ತು. ಉಳಿದ ಹೊತ್ತೆಲ್ಲ ಮನೆಯಲ್ಲಿ ಈ ಇಬ್ಬರು ಹೆಂಗಸರೇ, ಮತ್ತೆ ಬಲೆ ಹೊಲಿಯುವ ವೆಂಕಟ್ರಮಣ. ಮದುವೆಯಾಗಿ ನಾಲ್ಕು ವರ್ಷಕ್ಕೆ ನಿಂತ ಬಸುರು ಇದು. ಐದನೇ ತಿಂಗಳು ಬಿದ್ದ ದಿನ ದೇವಕ್ಕ ಅಟ್ಟದಿಂದ ಒಂದು ಸಣ್ಣ ಮಡಕೆ ಇಳಿಸಿ ತೊಳೆದು ಒಣಗಿಸಿದಳು. ಬಸುರಿ ಅಕ್ಕಿಯ ಮಡಕೆ.

ಕೇರಿಯ ಆಶಾ ಕಾರ್ಯಕರ್ತೆ ಜಯಶ್ರೀ ಬೆರಳು ಚುಚ್ಚಿ ನೋಡಿದಾಗ ಸುಚಿತಾಳ ರಕ್ತ ಎಂಟೂವರೆಯ ಹತ್ತಿರ ಇತ್ತು. ಹನ್ನೊಂದು ಇರಬೇಕು ಎಂದಳು ಜಯಶ್ರೀ. ಕೆಂಪು ಮಾತ್ರೆ ಕೊಟ್ಟಳು, ತಾಯಿ ಕಾರ್ಡಿನಲ್ಲಿ ಬರೆದಳು. ದೇವಕ್ಕ ಅಂದೇ ಶಪಥ ಮಾಡಿದವಳ ಹಾಗೆ ಗೆರಸೆ ಹಿಡಿದಳು. ಮುಂಚೆ ಒಂದು ಸಲ ನೋಡುತ್ತಿದ್ದ ಅಕ್ಕಿಯನ್ನು ಈಗ ಮೂರು ಸಲ ನೋಡಿದಳು. ಕನ್ನಡಕ ಹಾಕಿ ನೋಡಿದಳು, ಬಿಸಿಲಿಗೆ ಹಿಡಿದು ನೋಡಿದಳು. ಸುಚಿತಾಳ ಮಡಕೆಗೆ ಹೋಗುವ ಅಕ್ಕಿಯಲ್ಲಿ ಒಂದೇ ಒಂದು ಮಂಕು ಕಾಳು ಉಳಿಯಲು ಬಿಡಲಿಲ್ಲ. ಸುಚಿತಾ ಪಕ್ಕದಲ್ಲಿ ಕೂತು ಚಿಟಿಕೆ ಚಿಟಿಕೆ ಹಸಿ ಅಕ್ಕಿ ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಹಸಿ ಅಕ್ಕಿ ತಿನ್ಬೇಡ ಅಂತ ಎಷ್ಟು ಸಲ ಹೇಳೂದು ನಿಂಗೆ?"

"ಬೇಕು ಅನ್ನಿಸ್ತದೆ ಅತ್ತೆ."

ದೇವಕ್ಕ ಗದರಿದ್ದು ಬಾಯಲ್ಲಿ ಮಾತ್ರ. ಕಿವಿಯ ಹತ್ತಿರ ಆ ಕರುಂ ಕರುಂ ಸದ್ದು ಕೇಳಿದಾಗ ಅವಳ ಕಣ್ಣು ತುಂಬಿ ಬಂತು. ಐವತ್ತು ವರ್ಷದ ಹಿಂದಿನ ಮಿರ್ಜಾನದ ಜಗಲಿ, ಅವ್ವಿಯ ಮೊಣಕಾಲು, ಬೆನ್ನಿಗೆ ತಾಗುವ ಒದೆತ. ಅವ್ವಿಯೇ ಮತ್ತೆ ಬಂದು ಪಕ್ಕದಲ್ಲಿ ಕೂತಿದ್ದಾಳೆ ಅನ್ನಿಸಿತು. ಬಾಯಲ್ಲಿ ಬೇಡವೆನ್ನುತ್ತಲೇ ಮಾರನೆಯ ದಿನದಿಂದ ತಾನೇ ಒಂದು ಚಿಟಿಕೆ ಅಕ್ಕಿಯನ್ನು ಗೆರಸೆಯ ಅಂಚಿಗೆ ಸರಿಸಿ ಇಡತೊಡಗಿದಳು. ಆರಿಸಿದ್ದು, ಚೊಕ್ಕ ಮಾಡಿದ್ದು.

ಏಳನೇ ತಿಂಗಳಲ್ಲಿ ರಕ್ತ ಏಳು ಪಾಯಿಂಟ್ ಮೂರಕ್ಕೆ ಇಳಿದಿತ್ತು.

ಹೊನ್ನಾವರದ ಆಸ್ಪತ್ರೆಯ ಡಾಕ್ಟರಮ್ಮ ಸುಚಿತಾಳ ಕಣ್ಣಿನ ರೆಪ್ಪೆ ಎಳೆದು ನೋಡಿ, ಅಂಗೈ ನೋಡಿ, ದೇವಕ್ಕನ ಕಡೆ ತಿರುಗಿದರು. "ಏಳಕ್ಕಿಂತ ಕೆಳಗೆ ಹೋದ್ರೆ ಇಲ್ಲಿ ಹೆರಿಗೆ ಮಾಡ್ಸೂದು ಕಷ್ಟ. ದೂರದ ದೊಡ್ಡ ಆಸ್ಪತ್ರೆಗೆ ಹೋಗ್ಬೇಕು. ರಕ್ತ ಹೋದ್ರೆ ತಡ್ಕೊಳ್ಳೂ ಶಕ್ತಿ ಇಲ್ಲ ಈ ಹುಡುಗಿಗೆ." ಹೊರಗೆ ಬಂದು ದೇವಕ್ಕ ಸೊಸೆಯನ್ನು ರಿಕ್ಷಾ ಹತ್ತಿಸಿದಳು. ಶರಾವತಿ ಸೇತುವೆ ದಾಟುವಾಗ ಕೆಳಗೆ ಒಂದು ಪಾತಿ ದೋಣಿ ನಿಧಾನ ಹೋಗುತ್ತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ತಾನು ಎಲ್ಲೋ ಒಂದು ಕಾಳು ಬಿಟ್ಟಿದ್ದೇನೆ. ಅಂದೂ ಬಿಟ್ಟೆ, ಇಂದೂ ಬಿಟ್ಟೆ. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಇದೊಂದೇ.

ಎರಡು ದಿನ ಬಿಟ್ಟು ಬೆಳಿಗ್ಗೆ ಜಯಶ್ರೀ ಮನೆಗೇ ಬಂದಳು. ಇಷ್ಟು ಮಾತ್ರೆ ಕೊಟ್ಟರೂ ರಕ್ತ ಇಳಿಯುವುದೆಂದರೆ ಎಂತ ಎಂದು ಅವಳಿಗೂ ತಲೆ ಕೆಟ್ಟಿತ್ತು. ಮಾತ್ರೆಯ ಸ್ಟ್ರಿಪ್ ಕೇಳಿದಳು. ಅರ್ಧಕ್ಕರ್ಧ ಹಾಗೇ ಇತ್ತು.

"ವಾಂತಿ ಬರ್ತದೆ" ಎಂದಳು ಸುಚಿತಾ ತಲೆ ತಗ್ಗಿಸಿ. "ತಿಂದ ದಿನ ಚಾ ಜೊತೆ ತಿಂತೆ."

"ಚಾ ಜೊತೆ ತಿಂದ್ರೆ ತಿನ್ನದೇ ಇದ್ದ ಹಾಂಗೇ ಮಾರಾಯ್ತಿ! ಚಾ ಅದ್ನ ಮೈಗೆ ಹತ್ತೂಕೆ ಬಿಡೂದಿಲ್ಲ ಅಂತ ಹೇಳಿದ್ದೆನೋ ಇಲ್ಲೋ?"

ಜಯಶ್ರೀಗೆ ಸಿಟ್ಟು ಬಂದಿತ್ತು. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ದೇವಕ್ಕ ಆರಿಸಿ ಮುಗಿಸಿ ಗರಟೆಯನ್ನು ಅಂಗಳಕ್ಕೆ ಕೊಡವಿದಳು. ಐದಾರು ಕೋಳಿ ಓಡಿ ಬಂದವು. ಕೇರಿಯಲ್ಲಿ ಅಂಥ ಕೋಳಿ ಇನ್ನೊಂದು ಮನೆಯಲ್ಲಿ ಇರಲಿಲ್ಲ, ಜುಟ್ಟು ದಾಸವಾಳದ ಹಾಗೆ ಕೆಂಪಗೆ.

"ದೇವಕ್ಕ, ಕೋಳಿಗೆ ಎಂತ ಹಾಕಿದ್ರಿ?"

"ಆರಿಸಿದ್ದು. ಸೊಸೈಟಿ ಅಕ್ಕೀಲಿ ಬರ್ತದಲ, ಆ ಸುಳ್ಳು ಅಕ್ಕಿ."

ಜಯಶ್ರೀ ಎದ್ದು ಹೋಗಿ, ಕೋಳಿಗಳ ನಡುವೆ ಕೈ ಹಾಕಿ, ಒಂದು ಮಂಕು ಬಿಳಿ ಕಾಳನ್ನು ಹೆಕ್ಕಿಕೊಂಡು ಬಂದಳು. ಅಂಗೈಯಲ್ಲಿಟ್ಟು ಬೆರಳಿಂದ ಹೊರಳಿಸಿ ನೋಡಿದಳು.

"ಎಷ್ಟು ದಿನದಿಂದ?"

"ಶುರುವಾದಾಗಿಂದ. ಒಂದು ಕಾಳು ಬಿಡ್ಲಿಲ್ಲ ನಾನು. ಸುಚಿತಾನ ಅಕ್ಕೀಲಿ ಹುಡ್ಕಿದ್ರೂ ಸಿಗೂದಿಲ್ಲ ಕಾಣು."

"ದೇವಕ್ಕ, ಇದು ಸುಳ್ಳು ಅಕ್ಕಿ ಅಲ್ಲ. ಇದ್ರಲ್ಲೇ ಕಬ್ಬಿಣದ ಅಂಶ ಇರೂದು. ಅಕ್ಕಿ ಹಿಟ್ಟು ಮಾಡಿ, ಅದ್ಕೆ ಕಬ್ಬಿಣ, ಬಸುರೀರಿಗೆ ಬೇಕಾದ ವಿಟಮಿನ್ನು ಎಲ್ಲ ಸೇರ್ಸಿ, ಮತ್ತೆ ಅಕ್ಕಿಯಂಗೇ ಕಾಳು ಮಾಡಿ ಕೊಡ್ತ್ರು. ಸಾರವರ್ಧಿತ ಅಕ್ಕಿ ಅಂತ ಹೆಸ್ರು. ಚೀಲದ ಮೇಲೆ ನೀಲಿ ಗುರ್ತು ಇರೂದು ಅದೇ."

ದೇವಕ್ಕ ಅಂಗಳದ ಚೀಲದ ಕಡೆ ನೋಡಿದಳು. ನೀಲಿ ಗುರುತಿನ ಮೇಲೆ ಸೆಟ್ಲಿ ಒಣಗುತ್ತಿತ್ತು. ಮೊದಲು ಅವಳಿಗೆ ಬಂದದ್ದು ಕೋಪವೇ.

"ಮದ್ದಾದ್ರೆ ಮದ್ದಿನ ಹಾಂಗೆ ಕೈಯಲ್ಲಿ ಕೊಡ್ಲಿ! ಅಕ್ಕಿಯೊಳಗೆ ಹುಗ್ಸಿ ಕೊಡೂದು ಎಂತಕ್ಕೆ? ಕಳ್ಳರ ಹಾಂಗೆ?"

"ಕೈಯಲ್ಲಿ ಕೊಟ್ಟ ಮಾತ್ರೆ ನಿಮ್ಮ ಸೊಸೆ ತಿಂದ್ಲಾ?" ಎಂದಳು ಜಯಶ್ರೀ. ಆಮೇಲೆ ದನಿ ತಗ್ಗಿಸಿ, "ನಿಮ್ಗೆ ಸುಳ್ಳು ಯಾಕೆ ಹೇಳ್ಲಿ, ಮೊದ್ಲು ಎರಡು ತಿಂಗ್ಳು ನಾನೂ ಆರಿಸಿ ಚೆಲ್ಲಿದ್ದೆ. ಟ್ರೈನಿಂಗಲ್ಲಿ ಹೇಳಿದ್ ಮೇಲೇ ಗೊತ್ತಾದದ್ದು. ಆಗ್ಲೇ ಬಂದು ನಿಮ್ಗೆ ಹೇಳ್ಬೇಕಾಗಿತ್ತು. ಕೇರಿ ಅಕ್ಕಿಯೆಲ್ಲ ನಿಮ್ಮ ಕೈಯಲ್ಲೇ ಹಾಯ್ತದೆ ಅಂತ ನಂಗೆ ತಲೆಗೇ ಹೋಗ್ಲಿಲ್ಲ. ಇದೊಂದ್ರಿಂದ್ಲೇ ರಕ್ತ ಏರೂದೂ ಇಲ್ಲ, ಇದೊಂದಿಲ್ದೆ ಇಳಿದದ್ದೂ ಅಲ್ಲ. ಮಾತ್ರೆ ಬಿಟ್ಟದ್ದೇ ದೊಡ್ಡ ತಪ್ಪು. ಆದ್ರೆ ಇದೂ ಸೇರ್ಬೇಕು."

ಜಗಲಿಯಲ್ಲಿ ಸುಚಿತಾ ಮಾತು ಕೇಳುತ್ತ ಕೂತವಳು, ರೂಢಿಯಂತೆ ಗೆರಸೆಯ ಅಂಚಿನಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಕರುಂ ಎಂದ ಸದ್ದಿಗೆ ಜಯಶ್ರೀ ತಿರುಗಿದಳು.

"ಇದು ಯಾವಾಗಿಂದ?"

"ಅದು ಬಯಕೆ" ಎಂದಳು ದೇವಕ್ಕ. ಆ ಕೋಪದ ನಡುವೆಯೂ ಅವಳ ಮುಖ ಸ್ವಲ್ಪ ಸಡಿಲವಾಯಿತು. "ನಮ್ಮ ಅವ್ವಿಯೂ ಹಾಂಗೇ ಮಾಡ್ತಿದ್ಲು. ಒಲೆ ಮಣ್ಣನ್ನೂ ಬಿಡ್ತಿರ್ಲಿಲ್ಲ."

"ಬಯಕೆ ಅಲ್ಲ ದೇವಕ್ಕ. ರಕ್ತ ತೀರಾ ಕಮ್ಮಿ ಆದವ್ರಿಗೆ ಮಣ್ಣು, ಹಸಿ ಅಕ್ಕಿ ತಿನ್ನೂ ಆಸೆ ಆಗ್ತದೆ. ಎಷ್ಟೋ ಜನ್ರಲ್ಲಿ ರೋಗ ಗೊತ್ತಾಗೂದೇ ಅದ್ರಿಂದ."

ದೇವಕ್ಕನ ಕೈಯಲ್ಲಿದ್ದ ಗರಟೆ ಕೆಳಗಿಳಿಯಿತು. ಅವಳು ಕಂಬ ಹಿಡಿದು ನಿಧಾನ ಕೂತಳು. ಐವತ್ತು ವರ್ಷ ಅವಳು ಜತನ ಮಾಡಿದ್ದು ಆ ನೆನಪೊಂದನ್ನೇ. ಸಂಕಟ ಬಂದಾಗೆಲ್ಲ ಅದನ್ನೇ ತೆಗೆದು ನೋಡುತ್ತಿದ್ದಳು. ಕಿವಿಯ ಹಿಂದೆ ಅಕ್ಕಿ ಅಗಿಯುವ ಸದ್ದು, ಅವ್ವಿಯ ನಗು. ಈಗ ಅದೇ ನೆನಪಿನಲ್ಲಿ ಅವಳಿಗೆ ಬೇರೆಯದು ಕಾಣತೊಡಗಿತು. ತನ್ನ ಮುಂಗೈ ಹಿಡಿದಿದ್ದ ಆ ಕೈಗಳು ಬೆಳ್ಳಗಿದ್ದವು, ಸುಣ್ಣ ಬಳಿದ ಹಾಗೆ. ನಾಲ್ಕು ಸಲ ಕೇರಿದರೆ ಅವ್ವಿ ಗೋಡೆಗೆ ಒರಗುತ್ತಿದ್ದಳು. ಬಾವಿಯಿಂದ ಒಂದು ಕೊಡ ತಂದರೆ ಹೊಸಿಲಲ್ಲಿ ಕೂತುಬಿಡುತ್ತಿದ್ದಳು. ಆ ಕೆಂಪು ಅಕ್ಕಿಯ ಅನ್ನ, ಬೇರೆ ಆರಿಸಿಟ್ಟ ಬಸುರಿ ಅಕ್ಕಿಯದೂ, ಮೊದಲು ಅಪ್ಪನಿಗೆ, ಆಮೇಲೆ ಮಕ್ಕಳಿಗೆ, ತಳದಲ್ಲಿ ಉಳಿದ ತಿಳಿ ಅವ್ವಿಗೆ.

ಆಗ ದೇವಕ್ಕ ಸೋದರತ್ತೆಯ ಮಾತನ್ನು ಹೇಳಿದಳು. ಬಾಯಿ ಬಿಟ್ಟು, ಬೇರೊಬ್ಬರ ಮುಂದೆ, ಮೊದಲ ಸಲ. ವೆಂಕಟ್ರಮಣನ ಸೂಜಿ ಬಲೆಯಲ್ಲೇ ನಿಂತಿತು.

ಜಯಶ್ರೀ ಹತ್ತಿರ ಬಂದು ಕೂತಳು. "ಅಕ್ಕಿ ಸಮ ಆರಿಸದೆ ಯಾರೂ ಸಾಯೂದಿಲ್ಲ ದೇವಕ್ಕ. ಅವ್ರಿಗೆ ಮೈಯಲ್ಲಿ ರಕ್ತವೇ ಇರ್ಲಿಲ್ಲ. ನೀವು ಮಗು. ನೀವೆಂತ ಮಾಡ್ತಿದ್ರಿ?"

"ಆಗ ಮಾತ್ರೆ ಸಿಕ್ಕಿದ್ರೆ ಉಳೀತಿದ್ಲಾ?"

"ಮಾತ್ರೆ ಸಿಕ್ಕಿ, ಸಮಯಕ್ಕೆ ಒಬ್ರು ಕಂಡಿದ್ರೆ, ಉಳೀತಿದ್ರು ಕಾಣ್ತದೆ."

"ಅಷ್ಟೇಯಾ?" ಎಂದಳು ದೇವಕ್ಕ. ಮತ್ತೊಮ್ಮೆ, "ಅಷ್ಟೇಯಾ ಜಯಶ್ರೀ?" ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಣ್ಣ ಹುಡುಗಿಯ ಹಾಗೆ ಅತ್ತಳು. ಸುಚಿತಾ ಅತ್ತೆಯ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಅಂದಿನಿಂದ ದೇವಕ್ಕ ಗೆರಸೆ ಮುಟ್ಟಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದಳು. ಅಕ್ಕಿಯನ್ನು ಇದ್ದ ಹಾಗೆಯೇ ತೊಳೆದು ಇಟ್ಟಳು. ನಾಲ್ಕನೇ ದಿನ ಮಧ್ಯಾಹ್ನ ಊಟದ ನಡುವೆ ವೆಂಕಟ್ರಮಣ ಕೆನ್ನೆ ಹಿಡಿದುಕೊಂಡು ಎದ್ದ.

"ಹೋತು! ಇದ್ದ ಮೂರು ಹಲ್ಲಲ್ಲಿ ಒಂದು ಹೋತು! ಏ ಮಾರಾಯ್ತಿ, ಕಬ್ಬಿಣ ಕೊಡು ಅಂದ್ರೆ ಕಲ್ಲು ಕೊಡೂದಾ?"

ಸುಚಿತಾ ನಗು ತಡೆಯಲಾರದೆ ಒಳಗೆ ಓಡಿದಳು. ದೇವಕ್ಕನಿಗೂ ನಗು ಬಂತು. ಅಂದು ಸಂಜೆ ಅವಳು ಗೆರಸೆ ಇಳಿಸಿದಳು.

ಕಲ್ಲು ತೆಗೆಯಬೇಕು, ಬಿಳಿ ಕಾಳು ಬಿಡಬೇಕು. ಹೇಳಲಿಕ್ಕೆ ಸುಲಭ. ಅವಳ ಬೆರಳುಗಳಿಗೆ ಆ ಮಾತು ತಿಳಿಯಲಿಲ್ಲ. ಕಣ್ಣು ತಪ್ಪಿದರೆ ಸಾಕು, ಬಿಳಿ ಕಾಳನ್ನು ಹೆಕ್ಕಿಬಿಡುತ್ತಿದ್ದವು. ದೇವಕ್ಕ ಬೈದು ಮತ್ತೆ ಗೆರಸೆಗೇ ಹಾಕುತ್ತಿದ್ದಳು. ಜೀವನದಲ್ಲಿ ಮೊದಲ ಬಾರಿಗೆ ಅವಳು ಬಾಯಿ ಮುಚ್ಚಿಕೊಂಡು, ಬೀದಿಯನ್ನು ಬಿಟ್ಟು ಅಕ್ಕಿಯನ್ನೇ ನೋಡುತ್ತ ಆರಿಸಿದಳು. ಕೇರಿಯವರು ದೇವಕ್ಕನಿಗೆ ಹುಷಾರಿಲ್ಲವೇನೋ ಎಂದು ವಿಚಾರಿಸಿಕೊಂಡು ಹೋದರು. ಬಂದವರನ್ನೆಲ್ಲ ಕೂರಿಸಿ, ಬಿಳಿ ಕಾಳು ತೋರಿಸಿ, ಚೆಲ್ಲಬೇಡಿ ಎಂದು ತಾಕೀತು ಮಾಡಿ ಕಳಿಸಿದಳು. ಜಯಶ್ರೀ ಆರು ತಿಂಗಳಲ್ಲಿ ಮಾಡಲಾಗದ ಪ್ರಚಾರ ಒಂದು ವಾರದಲ್ಲಿ ಮುಗಿಯಿತು.

ಮನೆಯ ಕ್ರಮವೂ ಬದಲಾಯಿತು. ಸುಚಿತಾಳ ಮಾತ್ರೆ ಊಟವಾದ ಮೇಲೆ ಲಿಂಬೆಹಣ್ಣಿನ ಪಾನಕದ ಜೊತೆ, ದೇವಕ್ಕನ ಎದುರಿಗೇ. ಚಾ ಆಮೇಲೆ ಎರಡು ತಾಸು ಬಿಟ್ಟು. ಹೊಳೆಯಲ್ಲಿ ನೀರು ಇಳಿದ ದಿನ ವೆಂಕಟ್ರಮಣ ಚಿಪ್ಪಿನ ಬಳಚು ಹೆಕ್ಕಿ ತಂದ. ಹಿತ್ತಿಲಲ್ಲಿ ಕೆಂಪು ಹರಿವೆ ಇತ್ತು. ಸುಚಿತಾ ಮೊದಲು ಊಟ ಮಾಡಬೇಕು, ಗಂಡಸರು ಆಮೇಲೆ. ಸಂದೇಶ ಬೋಟಿನಿಂದ ಬಂದ ದಿನ ಇದನ್ನು ಕಂಡು ಕಕ್ಕಾಬಿಕ್ಕಿಯಾಗಿ, "ಎಂತ ಆಯಿತು ಮನೆಗೆ?" ಎಂದು ಕೇಳಿದ. "ಬುದ್ಧಿ ಬಂತು, ನೀ ಕಾಯಿ" ಎಂದಳು ದೇವಕ್ಕ. ಹೊನ್ನಾವರದಲ್ಲಿ ನಾಲ್ಕು ಸಲ ನರಕ್ಕೆ ಕಬ್ಬಿಣದ ಮದ್ದು ಹಾಕಿಸಿದರು. ಕಂದು ಬಣ್ಣದ ಮದ್ದು ಹನಿ ಹನಿಯಾಗಿ ಇಳಿಯುವುದನ್ನು ದೇವಕ್ಕ ಪಕ್ಕದ ಸ್ಟೂಲಿನಲ್ಲಿ ಕೂತು, ಕಾಳು ನೋಡುವ ಹಾಗೆ, ಒಂದೊಂದೇ ಹನಿ ನೋಡಿದಳು. ಗಂಜಿಯ ತಿಳಿಯ ಬಣ್ಣವೇ ಎಂದು ಅವಳಿಗೆ ಅನ್ನಿಸಿತು.

ಒಂಬತ್ತನೇ ತಿಂಗಳಿಗೆ ರಕ್ತ ಹತ್ತು ಮುಟ್ಟಿತು. ದೀಪಾವಳಿ ಕಳೆದು ವಾರಕ್ಕೆ ಸುಚಿತಾ ಹೊನ್ನಾವರದಲ್ಲೇ ಹೆತ್ತಳು. ಹೆಣ್ಣು. ಶುಶ್ರೂಷಕಿ ಮಗುವನ್ನು ತಂದು ಕೊಟ್ಟಾಗ ದೇವಕ್ಕ ಮೊದಲು ನೋಡಿದ್ದು ಮುಖವನ್ನಲ್ಲ, ಅಂಗೈ ಬಿಡಿಸಿ ನೋಡಿದಳು. ಗುಲಾಬಿ ಬಣ್ಣ. ಆಮೇಲೆ ಸುಚಿತಾಳ ಅಂಗೈ ನೋಡಿದಳು.

ಬಾಣಂತಿ ಮನೆಗೆ ಬಂದ ಮೇಲೆ ಜಯಶ್ರೀ ತೂಕದ ಜೋಳಿಗೆ ಹಿಡಿದು ಬಂದಳು. ಮಗುವನ್ನು ತೂಗಿ ಬರೆದುಕೊಂಡಾದ ಮೇಲೆ, "ದೇವಕ್ಕ, ನಿಮ್ಮ ಬೆರಳು ಕೊಡಿ ಕಾಂಬ" ಎಂದಳು.

"ನಂದೆಂತಕ್ಕೆ? ನಾ ಹೆತ್ತದ್ದಾ?"

"ಕೊಡಿ ಅಂದೆ."

ಚುಚ್ಚಿ ನೋಡಿದರೆ ದೇವಕ್ಕನ ರಕ್ತ ಒಂಬತ್ತಕ್ಕಿಂತ ಕಡಿಮೆ ಇತ್ತು. ಸೊಸೆಯದಕ್ಕಿಂತ ಕಡಿಮೆ. ಯಾವಾಗಿಂದ ಹಾಗಿತ್ತೋ ಯಾರಿಗೆ ಗೊತ್ತು. ನೂರಾರು ಮಕ್ಕಳಿಗೆ ಬಡಿಸಿ, ಮನೆಯವರಿಗೆಲ್ಲ ಬಡಿಸಿ, ತಳದಲ್ಲಿ ಉಳಿದದ್ದಕ್ಕೆ ಸಾರಿನ ನೀರು ಕಲಸಿಕೊಂಡು ನಿಂತೇ ಉಂಡ ವರ್ಷಗಳನ್ನು ಯಾವ ಕಾರ್ಡಿನಲ್ಲೂ ಬರೆದಿಲ್ಲ. ಸುಸ್ತು ಬಂದಾಗ ಅವಳು ವಯಸ್ಸಾಯಿತು ಎಂದುಕೊಂಡಿದ್ದಳು.

"ನಾಳೆ ಆಸ್ಪತ್ರೆಗೆ ಬಂದು ಡಾಕ್ಟ್ರಿಗೆ ತೋರ್ಸಿ" ಎಂದು ಹೇಳಿ ಜಯಶ್ರೀ ಹೋದಳು.

ಅಂದು ಮಧ್ಯಾಹ್ನ ಅನ್ನ ಬೆಂದಿತ್ತು. ದೇವಕ್ಕ ಸೊಸೆಗೆ ಬಡಿಸಲು ತಟ್ಟೆ ತಂದಳು. ಸುಚಿತಾ ಮಗುವನ್ನು ಮಾವನ ತೊಡೆಗೆ ಕೊಟ್ಟು, ಆ ತಟ್ಟೆಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಅನ್ನ ಹಾಕಿದಳು, ಹರಿವೆ ಪಲ್ಯ ಹಾಕಿದಳು, ಬಳಚಿನ ಸಾರು ಬಿಟ್ಟಳು.

"ಅತ್ತೆ, ನೀವು ಕೂತ್ಕೊಳ್ಳಿ. ಇಂದು ನೀವು ಮೊದ್ಲು."

"ಹುಚ್ಚೆಂತ ನಿಂಗೆ? ಬಾಣಂತಿ ನೀನು."

"ಕೂತ್ಕೊಳ್ಳಿ."

ದೇವಕ್ಕ ಕೂತಳು. ರೂಢಿಯಂತೆ ಬೆರಳು ಅನ್ನದ ಮೇಲೆ ಹುಡುಕುತ್ತ ಹೋಯಿತು. ಬೆಂದ ಮೇಲೆ ಬಿಳಿ ಕಾಳು ಯಾವುದು, ಗದ್ದೆಯ ಕಾಳು ಯಾವುದು, ಅವಳಿಗೂ ಗೊತ್ತಾಗಲಿಲ್ಲ. ಎದುರಿಗೆ ಸೊಸೆ ಸವಟು ಹಿಡಿದು ಕಾಯುತ್ತ ಕೂತಿದ್ದಳು. ಮೊದಲ ತುತ್ತು ಎತ್ತಿದ ಕೈ ಅರ್ಧದಲ್ಲಿ ನಿಂತಿತು. ಅವ್ವಿ ಕುಟ್ಟಿದ್ದು ಅವಳಿಗೆ ನೆನಪಿದೆ, ಕೇರಿದ್ದು ನೆನಪಿದೆ, ಬಡಿಸಿದ್ದು ನೆನಪಿದೆ, ನಕ್ಕಿದ್ದೂ ನೆನಪಿದೆ. ಅವ್ವಿ ಕೂತು ಉಂಡದ್ದನ್ನು ಮಾತ್ರ ಅವಳು ಒಮ್ಮೆಯೂ ಕಂಡಿರಲಿಲ್ಲ.

"ಉಣ್ಣಿ ಅತ್ತೆ" ಎಂದಳು ಸುಚಿತಾ.

ದೇವಕ್ಕ ಉಂಡಳು.